ಮೈಲೇಜ್ ಇಳಿದಾಗ ನೆನಪಾದ ನರ್ನ್‌ಸ್ಟ್ ದೀಪ

ಲೀಟರಿಗೆ 15 ಕಿಲೋಮೀಟರ್ ಓಡುತ್ತಿದ್ದ ನಿಮ್ಮ ಕಾರು ಇದ್ದಕ್ಕಿದ್ದಂತೆ ಹನ್ನೆರಡೂವರೆಗೆ ಇಳಿಯಿತು ಎಂದಿಟ್ಟುಕೊಳ್ಳಿ. ಮೊದಲು ಏನು ಮಾಡುವಿರಿ? ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ ಲೆಕ್ಕ ಹಾಕಿ. ಒಂದೇ ಸಲದ ಲೆಕ್ಕವನ್ನು ನಂಬಬೇಡಿ. ಅನಂತರ ಟೈರಿನ ಗಾಳಿ ನೋಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಇವೆಲ್ಲ ಸರಿಯಿದ್ದರೆ ಸಂದೇಹ ಎಂಜಿನ್ನಿನ ಮೇಲೆ.

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರ್ ಕಾಲದಲ್ಲಿ ಈ ಪ್ರಮಾಣ ತಪ್ಪಿದೆಯೆ ಎಂದು ತಿಳಿಯಲು ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದ. ತಿಳಿಗಂದು ಇದ್ದರೆ ಸರಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ. ಉಪಕರಣವಿಲ್ಲದ ಈ ರಾಸಾಯನಿಕ ವಿಶ್ಲೇಷಣೆಯನ್ನು ನಾನು ಎಂದೂ ಹಗುರವಾಗಿ ಕಂಡವನಲ್ಲ.

ಇಂದು ಆ ಕೆಲಸವನ್ನು ಹೊಗೆಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸಂವೇದಕ ಮಾಡುತ್ತದೆ. ಇದರ ಮೂಲ ಕಾರಿನಲ್ಲಿಲ್ಲ, ಒಂದು ದೀಪದಲ್ಲಿದೆ. ಜರ್ಮನಿಯ ಗಾಟಿಂಗೆನ್‌ನಲ್ಲಿದ್ದ ವಾಲ್ಟರ್ ನರ್ನ್‌ಸ್ಟ್ 1897ರಲ್ಲಿ ಹೊಸ ಬಗೆಯ ವಿದ್ಯುದ್ದೀಪವೊಂದನ್ನು ರೂಪಿಸಿದ. ಅದರ ಉರಿಕಡ್ಡಿ ಲೋಹದ್ದಲ್ಲ, ಪಿಂಗಾಣಿಯಂಥ ಆಕ್ಸೈಡಿನದು. ಮುಂದೆ ಪ್ರಸಿದ್ಧವಾದ ಮಿಶ್ರಣದಲ್ಲಿ ಶೇ. 85 ಜಿರ್ಕೋನಿಯಮ್ ಆಕ್ಸೈಡ್, ಶೇ. 15 ಯಿಟ್ರಿಯಮ್ ಆಕ್ಸೈಡ್ ಇತ್ತು. ತಣ್ಣಗಿದ್ದಾಗ ಅದು ಅವಾಹಕ. ಬಿಸಿ ಮಾಡಿದರೆ ಮಾತ್ರ ವಿದ್ಯುತ್ತು ಹರಿದು ಪ್ರಖರವಾಗಿ ಬೆಳಗುತ್ತಿತ್ತು. ಅದಾಗಲೇ ಆಕ್ಸೈಡ್ ಆದ್ದರಿಂದ ಗಾಳಿಯಲ್ಲಿ ಸುಟ್ಟುಹೋಗುವ ಭಯವಿಲ್ಲ, ನಿರ್ವಾತವೂ ಬೇಡ. ಟಂಗ್‌ಸ್ಟನ್ ತಂತಿಯ ಬಲ್ಬುಗಳು ಬಂದ ಮೇಲೆ ಈ ದೀಪ ಮನೆಗಳಿಂದ ಮರೆಯಾಯಿತು. ಪ್ರಯೋಗಾಲಯಗಳಲ್ಲಿ ಅವಕೆಂಪು ಕಿರಣಗಳ ಆಕರವಾಗಿ ಮಾತ್ರ ಬಹುಕಾಲ ಉಳಿಯಿತು.

ಆ ಕಡ್ಡಿಯಲ್ಲಿ ಹರಿಯುವುದು ಇಲೆಕ್ಟ್ರಾನುಗಳಲ್ಲ, ಆಕ್ಸಿಜನ್ ಅಯಾನುಗಳು. ಯಿಟ್ರಿಯಮ್ ಸೇರಿದಾಗ ಸ್ಫಟಿಕದಲ್ಲಿ ಕೆಲವು ಆಕ್ಸಿಜನ್ ಸ್ಥಾನಗಳು ಖಾಲಿ ಉಳಿಯುತ್ತವೆ; ಅಯಾನುಗಳು ಖಾಲಿಯಿಂದ ಖಾಲಿಗೆ ಜಿಗಿಯುತ್ತವೆ. ಇದನ್ನು 1943ರಲ್ಲಿ ವಿವರಿಸಿದವನು ಕಾರ್ಲ್ ವಾಗ್ನರ್. ಹಾಗಾದರೆ ಈ ಪಿಂಗಾಣಿಯ ಎರಡು ಬದಿಗಳಲ್ಲಿ ಆಕ್ಸಿಜನ್ನಿನ ಒತ್ತಡ ಬೇರೆ ಬೇರೆ ಇದ್ದರೆ ವಿಭವಾಂತರ ಹುಟ್ಟಬೇಕಲ್ಲವೆ? ಅದರ ಪ್ರಮಾಣವನ್ನು ಹೇಳುವ ಸೂತ್ರವೂ ನರ್ನ್‌ಸ್ಟ್‌ನದೇ, 1889ರದು. ಆದರೆ ಆತ ಸೂತ್ರವನ್ನೂ ದೀಪವನ್ನೂ ಕೊಟ್ಟದ್ದು ಬೇರೆ ಬೇರೆ ಉದ್ದೇಶಗಳಿಗೆ.

ನೀವೇ ಲೆಕ್ಕ ಹಾಕಿ ನೋಡಿ. 1000 ಕೆಲ್ವಿನ್‌ನಲ್ಲಿ ಸೂತ್ರದ ಗುಣಕ ಸುಮಾರು 0.0215 ವೋಲ್ಟ್, ಇದನ್ನು ಎರಡು ಒತ್ತಡಗಳ ಅನುಪಾತದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಬೇಕು. ಹೊರಗಾಳಿಯಲ್ಲಿ ಆಕ್ಸಿಜನ್ ಶೇ. 21. ಹೊಗೆಯಲ್ಲಿ ಶೇ. 2 ಉಳಿದಿದ್ದರೆ ಸಿಗುವುದು ಬರೀ 0.05 ವೋಲ್ಟ್. ಪೆಟ್ರೋಲ್ ತುಸು ಹೆಚ್ಚಾದರೆ ಆಕ್ಸಿಜನ್ನಿನ ಆಂಶಿಕ ಒತ್ತಡ ವಾಯುಭಾರದ ಹತ್ತರ ಮೈನಸ್ 20ನೆಯ ಘಾತದಷ್ಟಕ್ಕೆ ಕುಸಿಯಬಹುದು, ಆಗ 0.95 ವೋಲ್ಟ್ ಮೀರುತ್ತದೆ. ನಡುವೆ ಕಡಿದಾದ ಏರು. ಆ ಏರು ಇರುವುದು ನಮಗೆ ಬೇಕಾದ 14.7ರ ಬಳಿಯಲ್ಲೇ!

ಬಾಷ್ ಕಂಪನಿಯ ಇಂಥ ಸಂವೇದಕ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಂತು. ಉದ್ದೇಶ ಮೈಲೇಜ್ ಅಲ್ಲ, ಕ್ಯಾಲಿಫೋರ್ನಿಯದ ಕಟ್ಟುನಿಟ್ಟಿನ ಹೊಗೆ ನಿಯಮ. ಮೂರು ಬಗೆಯ ಮಾಲಿನ್ಯವನ್ನು ಒಟ್ಟಿಗೆ ತಗ್ಗಿಸುವ ವೇಗವರ್ಧಕ ಪೆಟ್ಟಿಗೆ ಆ ಅನುಪಾತದ ಬಳಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಹೊಸ ಪೆಟ್ರೋಲ್ ಸ್ಕೂಟರುಗಳಲ್ಲೂ ಈ ಸಂವೇದಕ ಸಾಮಾನ್ಯವಾಯಿತು. ದೀಪದ ಹಳೆಯ ಗುಣ ಮಾತ್ರ ಹೋಗಿಲ್ಲ: ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಮೌನಿ. ಈಗ ಅದಕ್ಕೆಂದೇ ಒಳಗೊಂದು ಪುಟ್ಟ ಹೀಟರ್ ಇರುತ್ತದೆ.

ಮೇಲೆ ಹೇಳಿದ ಹನ್ನೆರಡೂವರೆ ಕಿಲೋಮೀಟರಿನ ಕಾರು ನನ್ನದೇ. ಮೊದಲ ಗ್ಯಾರೇಜಿನಲ್ಲಿ ಮಸಿ ಹಿಡಿದ ಪ್ಲಗ್ಗುಗಳನ್ನು ಬದಲಿಸಿ ಹಳೆಯವನ್ನು ಎಸೆದರು. ಅಂದರೆ ಸಾಕ್ಷ್ಯವನ್ನೇ ಎಸೆದರು. ಹೊಸ ಪ್ಲಗ್ಗುಗಳೂ ಕಪ್ಪಾದವು. ಇನ್ನೊಂದು ಕಡೆ ಸ್ಕ್ಯಾನರ್ ಜೋಡಿಸಿ ನೋಡಿದರು. ಸಂವೇದಕದ ವೋಲ್ಟೇಜ್ ಸಹಜವಾಗಿಯೇ ಏರಿಳಿಯುತ್ತಿತ್ತು, ಆದರೆ ಕಂಪ್ಯೂಟರ್ ಶೇ. 20ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. 15ನ್ನು 12.5ರಿಂದ ಭಾಗಿಸಿ: 1.2. ಲೆಕ್ಕ ಕೂಡಿತು! ಸಂವೇದಕ ಕೆಟ್ಟಿದೆ, ಹೊಸದು ಹಾಕೋಣ ಎಂದರು ಅಲ್ಲಿ. ಬೆಲೆ ಕೇಳಿ ನಾನು ತಡೆದೆ.

ಪ್ಲಗ್ ‘ಪೆಟ್ರೋಲ್ ಹೆಚ್ಚು’ ಎನ್ನುತ್ತದೆ. ಕಂಪ್ಯೂಟರ್ ‘ಸಾಲದು’ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳದೆ ಇರಲು ಸಾಧ್ಯವೆ? ಸಾಧ್ಯ, ಪ್ಲಗ್ಗಿಗೂ ಸಂವೇದಕಕ್ಕೂ ನಡುವೆ ಎಲ್ಲೋ ಹೊರಗಾಳಿ ನುಗ್ಗುತ್ತಿದ್ದರೆ. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ ಕಿವಿಗೊಟ್ಟರೆ ಹೊಗೆಕೊಳವೆ ಎಂಜಿನ್ನಿಗೆ ಸೇರುವ ಜಾಗದಲ್ಲಿ ಸಣ್ಣಗೆ ‘ಟಿಕ್ ಟಿಕ್’ ಸದ್ದು. ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು. ಹೊಗೆ ಅಲೆ ಅಲೆಯಾಗಿ ಹೊರಬರುತ್ತದಷ್ಟೆ. ಎರಡು ಅಲೆಗಳ ನಡುವೆ ಒತ್ತಡ ವಾಯುಭಾರಕ್ಕಿಂತ ಇಳಿದಾಗ ಬಿರುಕಿನಿಂದ ಗಾಳಿ ಒಳಗೆ ಸೇರುತ್ತಿತ್ತು. ಆ ಆಕ್ಸಿಜನ್ನನ್ನು ಸಂವೇದಕ ಪ್ರಾಮಾಣಿಕವಾಗಿ ವರದಿ ಮಾಡುತ್ತಿತ್ತು, ಕಂಪ್ಯೂಟರ್ ವಿಧೇಯವಾಗಿ ಪೆಟ್ರೋಲ್ ಸೇರಿಸುತ್ತಿತ್ತು.

ಗ್ಯಾಸ್ಕೆಟ್ ಬದಲಿಸಿದ ವಾರದೊಳಗೆ ಆ ಶೇ. 20 ಎಂಬುದು ಶೇ. 2ಕ್ಕೆ ಇಳಿಯಿತು. ಹಳೆಯ ಸಂವೇದಕ ಈಗಲೂ ಅದೇ ಕೊಳವೆಯಲ್ಲಿದೆ.