ಭುಜದ ಕೀಲು ಬದಲಿಸಿದ ಮೇಲೆ ಮೂಳೆ ಏನ್ ಮಾಡುತ್ತೆ? (ಭಾಗ 5)

1893, ಪ್ಯಾರಿಸ್. 37 ವರ್ಷದ ಒಬ್ಬನ ಭುಜಕ್ಕೆ ಕ್ಷಯ ಹಿಡಿದಿತ್ತು. ಹೌದು ಫ್ರೆಂಡ್ಸ್, ಟಿಬಿ ಬರೀ ಶ್ವಾಸಕೋಶಕ್ಕಲ್ಲ, ಮೂಳೆಗೂ ಬರುತ್ತೆ. ತೋಳು ತೆಗೆಸೋಕೆ ಆತ ಒಪ್ಪಲಿಲ್ಲ. ಸರ್ಜನ್ ಝೂಲ್ ಎಮಿಲ್ ಪೇಯಾನ್ ಕೆಟ್ಟ ಮೂಳೆ ತೆಗೆದು, ಆ ಜಾಗಕ್ಕೆ ಪ್ಲಾಟಿನಂ ಕೊಳವೆ, ಅದರ ತುದಿಗೆ ಪ್ಯಾರಾಫಿನ್‌ನಲ್ಲಿ ಕುದಿಸಿ ಗಟ್ಟಿ ಮಾಡಿದ ರಬ್ಬರ್ ಗುಂಡು ಕೂರಿಸಿದರು. ಅದನ್ನ ತಯಾರಿಸಿಕೊಟ್ಟಿದ್ದು ಯಾರು ಗೊತ್ತಾ? ಒಬ್ಬ ಹಲ್ಲಿನ ಡಾಕ್ಟರ್! ಸ್ವಲ್ಪ ಕಾಲ ಕೈ ಆಡಿತು. ಆದ್ರೆ ಸೋಂಕು ಬಿಡಲಿಲ್ಲ, ಸುಮಾರು ಎರಡು ವರ್ಷಕ್ಕೆ ಅದನ್ನ ಹೊರಗೆ ತೆಗೀಬೇಕಾಯ್ತು.

ಇದಕ್ಕೆ ಒಂದೇ ವರ್ಷ ಮುಂಚೆ, 1892ರಲ್ಲಿ, ಬರ್ಲಿನ್‌ನ ಯೂಲಿಯಸ್ ವುಲ್ಫ್ ಒಂದು ನಿಯಮ ಬರೆದಿದ್ದರು. ಭಾರ ಬೀಳೋ ಕಡೆ ಮೂಳೆ ಗಟ್ಟಿಯಾಗುತ್ತೆ, ಭಾರ ತಪ್ಪಿದ ಕಡೆ ತೆಳ್ಳಗಾಗುತ್ತೆ. ಇವತ್ತಿನ ಕಥೆ ಪೂರ್ತಿ ನಿಂತಿರೋದು ಇದರ ಮೇಲೆ.

1950ರ ದಶಕದಲ್ಲಿ ನ್ಯೂಯಾರ್ಕ್‌ನ ಚಾರ್ಲ್ಸ್ ನೀರ್, ತೋಳಿನ ಮೂಳೆಯ ತಲೆ ಪುಡಿಯಾದವರಿಗೆ ಲೋಹದ ಗುಂಡು ಹಾಕಿದರು. 1955ರಲ್ಲಿ 12 ಭುಜಗಳ ಫಲಿತಾಂಶ ಪ್ರಕಟಿಸಿದರು. 70ರ ದಶಕದಲ್ಲಿ ಎದುರಿಗೆ ಪ್ಲಾಸ್ಟಿಕ್ ಬಟ್ಟಲೂ ಬಂತು. ನೋವು ಹೋಯ್ತು, ಕೈ ಎತ್ತೋಕಾಯ್ತು. ಎಲ್ಲರಿಗೂ ಖುಷಿ.

ತೊಂದರೆ ನಿಧಾನಕ್ಕೆ ಕಾಣಿಸಿತು. ತೋಳಿನ ಮೂಳೆಯೊಳಗೆ ಇಳಿಸಿದ ಉದ್ದ ಲೋಹದ ಕಡ್ಡಿ ಭಾರವನ್ನ ನೇರ ಕೆಳಗೆ ಸಾಗಿಸುತ್ತೆ. ಮೇಲಿನ ಮೂಳೆಗೆ ಕೆಲಸವೇ ಇಲ್ಲ, ಹಾಗಾಗಿ ಅದು ತೆಳ್ಳಗಾಗುತ್ತೆ. ಬಟ್ಟಲಿನ ಕಡೆ ಬೇರೆ ಕಥೆ. ಪ್ಲಾಸ್ಟಿಕ್ ಸವೆದು ಉದುರೋ ಸಣ್ಣ ಕಣಗಳನ್ನ ದೇಹದ ಜೀವಕೋಶಗಳು ನುಂಗೋಕೆ ಹೋಗ್ತವೆ, ಆ ಗಲಾಟೆಯಲ್ಲಿ ಸುತ್ತಲಿನ ಮೂಳೆಯೂ ಕರಗುತ್ತೆ. ಬಟ್ಟಲು ಸಡಿಲ ಆಗೋದು ಇವತ್ತಿಗೂ ಈ ಆಪರೇಶನ್‌ನ ದೊಡ್ಡ ತಲೆನೋವು.

ನಾವು ಬಿಕಾಂನಲ್ಲಿ ಮಷೀನ್‌ಗೆ ಡಿಪ್ರಿಸಿಯೇಶನ್ ಹಾಕ್ತೀವಿ, ಮಷೀನ್ ನಿಂತಿರೋ ಜಾಗಕ್ಕೆ ಹಾಕಲ್ಲ. ಇಲ್ಲಿ ಜಾಗವೇ ಸವೆಯುತ್ತೆ! ನಮ್ಮ ದೊಡ್ಡಮ್ಮ ಆಪರೇಶನ್ ಆಗಿ ಮೂರು ವರ್ಷ ಆಯ್ತು. "ನೋವಿಲ್ವಲ್ಲೋ, ಎಕ್ಸ್‌ರೇ ಯಾಕೋ" ಅಂತ ಚೆಕಪ್ ತಪ್ಪಿಸ್ತಾರೆ. ದೊಡ್ಡಮ್ಮ, ನೋವು ಬರೋಕೆ ಎಷ್ಟೋ ಮುಂಚೆನೇ ಮೂಳೆ ಬದಲಾವಣೆ ಎಕ್ಸ್‌ರೇಲಿ ಕಾಣಬಹುದು. ಕಂಡ ಗೆರೆ ಎಲ್ಲಾ ಅಪಾಯ ಅಲ್ಲ, ಆದ್ರೆ ಹಳೇ ಎಕ್ಸ್‌ರೇ ಜೊತೆ ಹೋಲಿಸಿದ್ರೇನೇ ಅದು ಬೆಳೀತಿದ್ಯಾ ಅಂತ ಗೊತ್ತಾಗೋದು. ತುಂಬಾ ಮೂಳೆ ಹೋದಮೇಲೆ ಎರಡನೇ ಕೀಲು ಕೂರಿಸೋಕೆ ಜಾಗ ಉಳಿಯಲ್ಲ.

1985ರಲ್ಲಿ ಫ್ರಾನ್ಸ್‌ನ ದಿಜೋನ್ ಊರಿನ ಪಾಲ್ ಗ್ರಾಮೋಂ ಎಲ್ಲಾ ಉಲ್ಟಾ ಮಾಡಿದರು. ಬಟ್ಟಲು ಇದ್ದ ಕಡೆ ಗುಂಡು, ಗುಂಡು ಇದ್ದ ಕಡೆ ಬಟ್ಟಲು. ಭುಜದೊಳಗಿನ ಸ್ನಾಯು ಹರಿದುಹೋದವರೂ ಹೊರಗಿನ ದೊಡ್ಡ ಸ್ನಾಯುವಿನ ಬಲದಲ್ಲೇ ಕೈ ಎತ್ತಿದರು. ನನ್ನ ಪ್ರಕಾರ ಈ ಕಥೆಯ ಹೀರೋ ಇವರೇ. ಆದ್ರೆ ಮೂಳೆ ಇಲ್ಲೂ ಸುಮ್ಮನಿರಲಿಲ್ಲ. ಕೈ ಇಳಿಸಿದಾಗ ಬಟ್ಟಲಿನ ಅಂಚು ಹೆಗಲ ಮೂಳೆಗೆ ತಾಗಿ ತಾಗಿ ಕಚ್ಚು ಬೀಳುತ್ತೆ. 2004ರಲ್ಲಿ ಸಿರ್ವೋ ಮತ್ತು ಜೊತೆಯವರು 80 ಭುಜಗಳ ಅಧ್ಯಯನ ಪ್ರಕಟಿಸಿ, ಈ ಕಚ್ಚನ್ನ ನಾಲ್ಕು ಹಂತವಾಗಿ ವಿಂಗಡಿಸಿದರು. ಡಾಕ್ಟರ್‌ಗಳು ಈಗಲೂ ಅದನ್ನೇ ಬಳಸ್ತಾರೆ. ಆಮೇಲೆ ಗುಂಡನ್ನ ಸ್ವಲ್ಪ ಕೆಳಗೆ ಕೂರಿಸೋ ರೂಢಿ ಬಂತು.

ಅದೇ 2004ರಲ್ಲಿ ಯುರೋಪ್‌ನಲ್ಲಿ ಕಡ್ಡಿಯೇ ಇಲ್ಲದ ಕೀಲು ಬಳಕೆಗೆ ಬಂತು. ಮೇಲಿನ ಮೂಳೆಗೆ ಮತ್ತೆ ಕೆಲಸ ಕೊಡೋದು ಅದರ ಉದ್ದೇಶ. ಅದರ 20 ವರ್ಷದ ಲೆಕ್ಕ ಈಗಷ್ಟೇ ಶುರುವಾಗ್ತಿದೆ.

ಭಾಗ 6: ಸೊಂಟದ ಕೀಲು.

#ಕೀಲುಗಳಕಥೆ #ಕನ್ನಡದಲ್ಲಿಇತಿಹಾಸ