ಓರೆ ಅಕ್ಷರವೂ ಸತ್ಯವೇದದ ಅನುವಾದವೂ

ಸಾಗರದ ಸಮೀಪದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಯೋಲೆಯ ಗ್ರಂಥಗಳಿವೆ. ಕಬ್ಬಿಣದ ಕಂಟದಿಂದ ಓಲೆಯ ನಾರಿನುದ್ದಕ್ಕೂ ನೇರವಾಗಿ ಗೀರಿದರೆ ಓಲೆ ಸೀಳುವುದು. ಆದುದರಿಂದಲೇ ನಮ್ಮ ಅಕ್ಷರ ದುಂಡಗಾಯಿತೆಂದು ವಿದ್ವಾಂಸರು ಸಾಮಾನ್ಯವಾಗಿ ವಿವರಿಸುತ್ತಾರೆ. ಇಟಾಲಿಕ್ ಎಂಬ ಯುರೋಪಿನ ಓರೆ ಅಕ್ಷರವೂ ಹೀಗೆಯೇ ಕೈಬರಹದಿಂದ ಹುಟ್ಟಿದುದು. ಇಟಲಿಯ ಪಂಡಿತರು ಗರಿಯ ಲೇಖನಿಯಿಂದ ಶೀಘ್ರವಾಗಿ ಬರೆಯುತ್ತಿದ್ದ ಸೊಗಸಾದ ಬರಹವನ್ನು ಫ್ರಾನ್ಚೆಸ್ಕೊ ಗ್ರಿಫೊ ಅಚ್ಚಿನ ಮೊಳೆಗಳಲ್ಲಿ ಕೆತ್ತಿದನು. 1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್ ವರ್ಜಿಲನ ಕಾವ್ಯಗಳನ್ನು ಆ ಅಕ್ಷರದಲ್ಲಿ ಕಿರುಗ್ರಂಥವಾಗಿ ಹೊರತಂದನು.

ಮೊದಲು ಇಡೀ ಗ್ರಂಥಕ್ಕೆ ಬಳಕೆಯಾದ ಈ ಅಕ್ಷರವು ಕ್ರಮೇಣ ನೇರ ಅಕ್ಷರದ ಸಹಾಯಕವಾಯಿತು. 1560ರ ಜಿನೀವಾ ಸತ್ಯವೇದವು ಅದಕ್ಕೆ ಒಂದು ಗಂಭೀರವಾದ ಕೆಲಸವನ್ನು ವಹಿಸಿತು: ಮೂಲದಲ್ಲಿಲ್ಲದೆ, ಅರ್ಥಪೂರ್ತಿಗಾಗಿ ಅನುವಾದಕರು ಸೇರಿಸಿದ ಪದಗಳನ್ನು ಓರೆ ಅಕ್ಷರದಲ್ಲಿ ತೋರಿಸುವುದು. 1611ರ ಇಂಗ್ಲಿಷ್ ಸತ್ಯವೇದದ ಮೊದಲ ಮುದ್ರಣ ದಪ್ಪವಾದ ಗಾಥಿಕ್ ಅಕ್ಷರದಲ್ಲಿದ್ದುದರಿಂದ ಅಂಥ ಪದಗಳಿಗೆ ಚಿಕ್ಕ ರೋಮನ್ ಅಕ್ಷರ ಬಳಕೆಯಾಯಿತು. ಮುಂದಿನ ರೋಮನ್ ಮುದ್ರಣಗಳಲ್ಲಿ ಓರೆ ಅಕ್ಷರವೇ ನೆಲೆನಿಂತಿತು. ‘ಈ ಮಾತು ನಮ್ಮದು’ ಎಂದು ಅನುವಾದಕನು ಒಪ್ಪಿಕೊಳ್ಳುವ ಗುರುತು ಅದು.

ಆದರೆ ಇತರ ಗ್ರಂಥಗಳಲ್ಲಿ ಓರೆ ಅಕ್ಷರವು ಒತ್ತನ್ನು ಸೂಚಿಸುವ ರೂಢಿಯೂ ಬೆಳೆಯಿತು. ಅರಸುಗಳ ಮೊದಲನೆಯ ಭಾಗ 13:27ರಲ್ಲಿ ವೃದ್ಧ ಪ್ರವಾದಿಯು ಕತ್ತೆಗೆ ತಡಿ ಹಾಕಿರೆಂದು ಮಕ್ಕಳಿಗೆ ಹೇಳುತ್ತಾನೆ. ಅವರು ಹಾಕಿದರೆಂಬಲ್ಲಿ ಇಂಗ್ಲಿಷ್ ಅನುವಾದಕರು ಒಂದು ಸರ್ವನಾಮವನ್ನು ಓರೆ ಅಕ್ಷರದಲ್ಲಿ ಸೇರಿಸಿದ್ದಾರೆ. ಅದನ್ನು ಒತ್ತಿ ಓದಿದರೆ ಮಕ್ಕಳು ತಂದೆಗೇ ತಡಿ ಹಾಕಿದಂತಾಗುವುದು!

ಕನ್ನಡದಲ್ಲಿ ಒತ್ತನ್ನು ‘ಅವನೇ’ ಎಂಬಲ್ಲಿನ ಏಕಾರವೇ ಹೊರುತ್ತದೆ. ಮೇಲಿನ ಸರ್ವನಾಮವೂ ನಮಗೆ ಬೇಕಿಲ್ಲ. 23ನೆಯ ಕೀರ್ತನೆಯ ಆರಂಭದಲ್ಲಿ ಇಬ್ರಿಯದಂತೆ ಕನ್ನಡಕ್ಕೂ ಕ್ರಿಯಾಪದ ಬೇಡ. ಇಂಗ್ಲಿಷಿನವರು ಅದನ್ನು ಸೇರಿಸಿ ಓರೆಯಾಗಿಸಬೇಕಾಯಿತು. ಕಂಪ್ಯೂಟರಿನಲ್ಲಿ ನಾವು ಕಾಣುವ ಓರೆ ಕನ್ನಡವೂ ಬಹುಮಟ್ಟಿಗೆ ನೇರ ಅಕ್ಷರವನ್ನು ವಾಲಿಸಿದ ರೂಪವೇ ಹೊರತು ಕೈಬರಹದಿಂದ ಬಂದುದಲ್ಲ.

ಹಾಗೆಂದು ಕನ್ನಡ ಅನುವಾದವು ಏನನ್ನೂ ಸೇರಿಸುವುದಿಲ್ಲವೆನ್ನಲಾಗದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರಿಂದ ಇಂದಿನವರೆಗೆ, ಕನ್ನಡಕ್ಕೆ ಅನುವಾದಿಸುವವರೆಲ್ಲರೂ ‘ಅವನು’, ‘ಆತನು’, ‘ಅವರು’ ಎಂಬವುಗಳಲ್ಲಿ ಒಂದನ್ನು ಆರಿಸಲೇಬೇಕು. ಗ್ರೀಕಿನಲ್ಲಿ ಯೇಸುವಿಗೂ ಪಿಲಾತನಿಗೂ ಸರ್ವನಾಮ ಒಂದೇ. ರೂಢಿಯ ಕನ್ನಡ ಸತ್ಯವೇದದಲ್ಲಿ ಯೇಸು ‘ಆತನು’, ಪಿಲಾತ ‘ಅವನು’. ಇದು ಸಭೆಯ ವಿಶ್ವಾಸದ ಅರಿಕೆ, ಯೋಗ್ಯವಾದುದೇ. ಆದರೂ ಮೂಲದ ಪದವಲ್ಲ. ಪದದ ಒಳಗೇ ಬೆರೆತ ಈ ಗೌರವವನ್ನು ಯಾವ ಓರೆ ಅಕ್ಷರವೂ ಬೇರ್ಪಡಿಸಿ ತೋರಿಸಲಾರದು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸಭೆಗಳಲ್ಲಿ ವಾಕ್ಯವನ್ನು ಬಹುಮಂದಿ ಕಿವಿಯಿಂದಲೇ ಸ್ವೀಕರಿಸುತ್ತಾರೆ. ಅಚ್ಚಿನ ಗುರುತು ಕಿವಿಗೆ ಕೇಳಿಸದು. ಆದುದರಿಂದ ಅಚ್ಚು ಮಾಡಲಾರದ ಕೆಲಸ ಬೋಧಕನ ಪಾಲಿಗೆ ಬರುತ್ತದೆ. ಮೂಲವು ಹೇಳಿದುದೆಷ್ಟು, ನಾವು ಸೇರಿಸಿದುದೆಷ್ಟು ಎಂಬುದನ್ನು ಅರಿತು, ಅಗತ್ಯವಾದಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದೇ ಆ ಕೆಲಸ.