ಪಾಳಿಯ ಲೆಕ್ಕ, ಶುಲ್ಕದ ಲೆಕ್ಕ

ಇಚಲಕರಂಜಿಯ ಮಗ್ಗಗಳಲ್ಲಿ ಕೂಲಿಯನ್ನು ನಿಗದಿಪಡಿಸುವ ಕ್ರಮ ಬಹಳ ಸ್ಪಷ್ಟವಾದುದು. ಬಟ್ಟೆಯ ಒಂದು ಅಂಗುಲದಲ್ಲಿ ಹೊಕ್ಕಿನ ಎಳೆಗಳು ಎಷ್ಟಿವೆ, ಅಂದರೆ ಮಗ್ಗದವರ ಮಾತಿನಲ್ಲಿ ‘ಪಿಕ್’ ಎಷ್ಟು ಎಂಬುದನ್ನು ನೋಡಿ ಮೀಟರಿಗೆ ಇಷ್ಟು ಎಂದು ದರ ಕಟ್ಟುತ್ತಾರೆ. ಮಗ್ಗ ನಿಂತರೆ ಮೀಟರಿಲ್ಲ, ಮೀಟರಿಲ್ಲದಿದ್ದರೆ ಕೂಲಿಯಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಇಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಆ ಬಳಿಕ ದುಡಿಮೆಗಾಗಿ ಈ ಊರಿಗೆ ಬಂದ ಕುಟುಂಬಗಳಲ್ಲಿ ಗಡಿಯಾಚೆಯ ಕನ್ನಡ ಹಳ್ಳಿಗಳವೂ ಇವೆ. ಅಂಥ ಮನೆಯ ಮಗ್ಗದ ಕೆಲಸಗಾರನೊಬ್ಬ ಮೂವತ್ತರ ಹೊಸ್ತಿಲಲ್ಲಿ ಪದವಿ ಓದಲು ಹೊರಟರೆ ಆ ಓದಿನ ಬೆಲೆ ಎಷ್ಟು? ಕಾಲೇಜಿನ ರಸೀದಿಯಲ್ಲಿರುವ ಮೊತ್ತ ಒಂದು. ತರಗತಿಯಲ್ಲಿ ಕುಳಿತ ಹೊತ್ತಿನಲ್ಲಿ ನೇಯದೆ ಉಳಿದ ಮೀಟರುಗಳ ಮೊತ್ತ ಇನ್ನೊಂದು. ಈ ಎರಡನೆಯ ಮೊತ್ತ ನಮ್ಮ ಸೀಮೆಯ ಶುಲ್ಕದ ಚರಿತ್ರೆಯಲ್ಲಿ ಯಾವಾಗ ಗಣನೆಗೆ ಬಂದಿತ್ತು, ಯಾವಾಗ ಕೈಬಿಟ್ಟುಹೋಯಿತು ಎಂಬುದನ್ನು ಇಲ್ಲಿ ನೋಡಲಾಗಿದೆ.

1917ರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. ಉಚಿತ ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ 1 ರೂಪಾಯಿ ದಂಡ ವಿಧಿಸಲಾಗುತ್ತಿತ್ತು ಎಂಬ ಅಂಶವೂ ಅಷ್ಟೇ ಮುಖ್ಯವಾದುದು. ಶುಲ್ಕವನ್ನು ಸೊನ್ನೆಗೆ ಇಳಿಸಿದ ಮಾತ್ರಕ್ಕೆ ಮಗು ಶಾಲೆಗೆ ಬರುವುದಿಲ್ಲ, ಹೊಲದಲ್ಲಿ ಅದರ ಕೈಗಳಿಗೂ ಒಂದು ಬೆಲೆಯಿದೆ ಎಂಬ ತಿಳಿವಳಿಕೆ ಈ ದಂಡದ ಹಿಂದೆ ಇದ್ದಿರಬೇಕು. 1901ರಿಂದ ಮುಂದಕ್ಕೆ ಕೊಲ್ಹಾಪುರದಲ್ಲಿ ಒಂದೊಂದಾಗಿ ಎದ್ದ ಮರಾಠಾ, ಜೈನ, ಮುಸ್ಲಿಮ್, ಲಿಂಗಾಯತ ವಸತಿಗೃಹಗಳೂ ಇದೇ ಬಗೆಯವು. ಹಳ್ಳಿಯ ಹುಡುಗನಿಗೆ ಕಾಲೇಜಿನ ಶುಲ್ಕಕ್ಕಿಂತ ಪಟ್ಟಣದ ಊಟ, ವಸತಿಗಳೇ ದೊಡ್ಡ ಹೊರೆ ಎಂಬುದನ್ನು ಅವು ಅರಿತಿದ್ದವು.

ಇದೇ ತಿಳಿವಳಿಕೆಯನ್ನು ಕಾಲೇಜಿನ ಮಟ್ಟಕ್ಕೆ ಒಯ್ದವರು ಕರ್ಮವೀರ ಭಾವುರಾವ್ ಪಾಟೀಲರು. 1887ರಲ್ಲಿ ಅವರು ಹುಟ್ಟಿದ ಕುಂಭೋಜ ಗ್ರಾಮ ಇಚಲಕರಂಜಿಗೆ ಸಮೀಪದ್ದು. ಅವರ ಜೈನ ಮನೆತನದ ಮೂಲ ಮೂಡುಬಿದಿರೆ ಎಂದು ಚರಿತ್ರಕಾರರು ಹೇಳುತ್ತಾರೆ. (ಕರಾವಳಿಯ ಬಸದಿಗಳ ಊರಿಗೂ ಮರಾಠಿ ಶಿಕ್ಷಣ ಚಳವಳಿಗೂ ಇರುವ ಈ ನಂಟು ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ.) 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ ಅವರು 1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜನ್ನು ತೆರೆದರು. ‘ಕಮವಾ ವ ಶಿಕಾ’, ಅಂದರೆ ದುಡಿ ಮತ್ತು ಕಲಿ ಎಂಬ ಯೋಜನೆಗೆ ಆ ಕಾಲೇಜು ನೆಲೆಯಾಯಿತು. ಹಣವಿಲ್ಲದ ವಿದ್ಯಾರ್ಥಿ ಹೊಲದಲ್ಲಿಯೋ ಕಟ್ಟಡದ ಕೆಲಸದಲ್ಲಿಯೋ ದುಡಿದು ತನ್ನ ಓದಿನ ಬೆಲೆಯನ್ನು ತೀರಿಸಬಹುದಾಗಿತ್ತು. ಶುಲ್ಕವನ್ನು ಮನ್ನಾ ಮಾಡುವುದಕ್ಕೂ ಶ್ರಮವನ್ನೇ ಶುಲ್ಕವೆಂದು ಸ್ವೀಕರಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ದಾನ, ಎರಡನೆಯದು ವಿನಿಮಯ. ಆದರೆ ಈ ಯೋಜನೆಗೂ ಒಂದು ಮಿತಿಯಿತ್ತೆಂಬುದನ್ನು ಒಪ್ಪಬೇಕು. ಮನೆಯ ಭಾರವಿಲ್ಲದ, ಕಾಲೇಜಿನಲ್ಲಿಯೇ ತಂಗಬಲ್ಲ ತರುಣನಿಗೆ ಅದು ಒಪ್ಪುತ್ತಿತ್ತು. ಹೆಂಡತಿ ಮಕ್ಕಳನ್ನು ಸಾಕಲು ತನ್ನ ಶ್ರಮವನ್ನು ಆಗಲೇ ಮಾರಿದವನ ಬಳಿ ಕಾಲೇಜಿಗೆ ಕೊಡಲು ಇನ್ನೊಂದು ಪಾಳಿಯ ಶ್ರಮ ಎಲ್ಲಿಯದು?

1980ರ ದಶಕದಲ್ಲಿ ಸ್ಥಿತಿ ಬೇರೆಯಾಯಿತು. ಇಚಲಕರಂಜಿಯಲ್ಲಿ 1982ರಲ್ಲಿ ಡಿ.ಕೆ.ಟಿ.ಇ. ಸಂಸ್ಥೆ ಜವಳಿ ತಂತ್ರಜ್ಞಾನದ ಶಿಕ್ಷಣಕ್ಕೆಂದು ಹುಟ್ಟಿತು; ಮರುವರ್ಷ ವಸಂತದಾದಾ ಪಾಟೀಲರ ಸರಕಾರ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿಯಿತ್ತಿತು. ಕರ್ನಾಟಕದಲ್ಲಿ ಈ ದಾರಿಯನ್ನು 1953ರಷ್ಟು ಹಿಂದೆಯೇ ಮಣಿಪಾಲ ತೆರೆದಿತ್ತು. ಅನುದಾನ ಇಲ್ಲದಿರುವಾಗ ವೆಚ್ಚವನ್ನು ಯಾರು ಭರಿಸಬೇಕು? ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋದದ್ದು ತುಮಕೂರಿನಿಂದ. 1989ರ ಅಧಿಸೂಚನೆಯಲ್ಲಿ ಕರ್ನಾಟಕ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರಗಳನ್ನು ಗೊತ್ತುಪಡಿಸಿತ್ತು: ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಮೀರತ್ತಿನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ವಸೂಲಿಯನ್ನು ಕ್ಯಾಪಿಟೇಶನ್ ಎಂದೇ ಕರೆದು ತಳ್ಳಿಹಾಕಿತು. ಒಂದೇ ಬೆಂಚಿಗೆ ಮೂರು ಬೆಲೆ, ಅದರಲ್ಲಿ ಎರಡನ್ನು ಬೇರ್ಪಡಿಸುವುದು ಗಡಿ! ಗಡಿಯ ಈಚೆ ಬಾಳುವ ಕನ್ನಡಿಗರಿಗೆ ಆ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅರ್ಧ ‘ಉಚಿತ’, ಅರ್ಧ ‘ಪಾವತಿ’ ಎಂದು ಹಂಚಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಅದನ್ನು ಬದಿಗಿಟ್ಟು, ಲಾಭಕೋರತನವಿಲ್ಲದೆ ತಕ್ಕಮಟ್ಟಿನ ಮಿಗತೆಯೊಡನೆ ಶುಲ್ಕ ನಿಗದಿಪಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಂಸ್ಥೆಗಳಿಗೆ ಕೊಟ್ಟಿತು. ಮರುವರ್ಷದ ಇಸ್ಲಾಮಿಕ್ ಅಕಾಡೆಮಿ ತೀರ್ಪಿನಿಂದ ನಿವೃತ್ತ ನ್ಯಾಯಾಧೀಶರ ಶುಲ್ಕ ಸಮಿತಿಗಳು ಬಂದವು. ಮಹಾರಾಷ್ಟ್ರ 2015ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಈ ಸಮಿತಿಗಳ ಮುಂದೆ ಬರುವುದು ಸಂಸ್ಥೆಯ ಲೆಕ್ಕಪತ್ರ: ಅಧ್ಯಾಪಕರ ವೇತನ, ಕಟ್ಟಡ, ಪ್ರಯೋಗಶಾಲೆ, ಬೆಳವಣಿಗೆಯ ನಿಧಿ. ಕೊಡುವವನ ಲೆಕ್ಕಪತ್ರ ಆ ಮೇಜಿನ ಮೇಲೆ ಬರುವುದೇ ಇಲ್ಲ. ಡೊನೇಶನ್ ಹಾವಳಿಯನ್ನು ತಡೆಯಲು ಅವು ಬೇಕಾಗಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವುಗಳ ಕಣ್ಣಮುಂದಿರುವ ವಿದ್ಯಾರ್ಥಿ ಹದಿನೆಂಟರ ವಯಸ್ಸಿನವನು, ತಂದೆಯ ಗಳಿಕೆಯಲ್ಲಿ ಓದುವವನು.

ಶುಲ್ಕದ ಸಹಾಯಧನವೂ ಅದೇ ಕಲ್ಪನೆಯ ಮೇಲೆ ನಿಂತಿದೆ. ಮಹಾರಾಷ್ಟ್ರ ಸರಕಾರ ಶಾಹು ಮಹಾರಾಜರ ಹೆಸರಿನಲ್ಲಿಯೇ ನಡೆಸುವ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಯೋಜನೆಯು ವಾರ್ಷಿಕ ವರಮಾನ 8 ಲಕ್ಷದೊಳಗಿರುವ ಕುಟುಂಬಗಳಿಗೆ ಬೋಧನ ಶುಲ್ಕದ ಅರ್ಧವನ್ನು ಭರಿಸುತ್ತದೆ. 2024ರಿಂದ ಹೆಣ್ಣುಮಕ್ಕಳಿಗೆ ಪೂರ್ತಿ. ಅರೆಕಾಲಿಕವಾಗಿ ಓದುವವರು ಮಾತ್ರ ಅದರ ಹೊರಗೆ.

ರಾತ್ರಿ ಕಾಲೇಜುಗಳು ದುಡಿಯುವವರಿಗೆಂದೇ ಹುಟ್ಟಿದವು, ನಿಜ. ಅವು ಕಚೇರಿಯ ಗುಮಾಸ್ತನಿಗೂ ಅಂಗಡಿಯ ನೌಕರನಿಗೂ ಒಗ್ಗಿದಷ್ಟು ಮಗ್ಗದವನಿಗೆ ಒಗ್ಗುವುದಿಲ್ಲ. ಹನ್ನೆರಡು ಗಂಟೆಗಳ ಪಾಳಿ ಹಗಲಿನಿಂದ ರಾತ್ರಿಗೆ ತಿರುಗಿದಾಗ ಅವನ ಸಂಜೆಯೂ ತಿರುಗುತ್ತದೆ. ಕಾಲೇಜಿನ ಗಂಟೆ ತಿರುಗುವುದಿಲ್ಲ. ಉಳಿದದ್ದು ದೂರಶಿಕ್ಷಣ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು, ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 2013ರಲ್ಲಿ ಯು.ಜಿ.ಸಿ. ರಾಜ್ಯಗಳ ಮುಕ್ತ ವಿಶ್ವವಿದ್ಯಾನಿಲಯಗಳು ತಮ್ಮ ರಾಜ್ಯದ ಎಲ್ಲೆಯನ್ನು ದಾಟಬಾರದೆಂದು ವಿಧಿಸಿತು. ಹೀಗಾಗಿ ಗಡಹಿಂಗ್ಲಜದಲ್ಲಿ ದುಡಿಯುತ್ತ ಕನ್ನಡದಲ್ಲಿಯೇ ಪದವಿ ಪಡೆಯಬೇಕೆನ್ನುವವನು ಸಂಕೇಶ್ವರದ ಕಡೆಯ ಬಸ್ಸು ಹಿಡಿಯಬೇಕು. ಆ ಟಿಕೆಟ್ಟಿನ ಹಣ ಯಾವ ಶುಲ್ಕಪಟ್ಟಿಯಲ್ಲಿಯೂ ಇಲ್ಲ.

2021ರಲ್ಲಿ ಕ್ರೆಡಿಟ್ ಬ್ಯಾಂಕಿನ ನಿಯಮಗಳು ಬಂದಿವೆ. ಗಳಿಸಿದ ಕ್ರೆಡಿಟ್ಟುಗಳನ್ನು ಏಳು ವರ್ಷಗಳವರೆಗೆ ಕೂಡಿಡಬಹುದು. ಕಲಿಕೆಯನ್ನು ಹೀಗೆ ಬಿಡಿಯಾಗಿ ಅಳೆಯಬಹುದಾದರೆ ಶುಲ್ಕವನ್ನೂ ಬಿಡಿಯಾಗಿ, ಈ ವರ್ಷ ಓದಿದ ಎರಡು ವಿಷಯಗಳಿಗೆ ಎರಡರಷ್ಟೇ ಎಂದು ಕಟ್ಟಿಸಿಕೊಳ್ಳಲು ಅಡ್ಡಿಯೇನು? ಮೀಟರಿನ ಲೆಕ್ಕದಲ್ಲಿ ಕೂಲಿ ಪಡೆಯುವ ಊರಿಗೆ ಇದು ಹೊಸ ಗಣಿತವಲ್ಲ. ಸದ್ಯಕ್ಕಂತೂ ಶುಲ್ಕವನ್ನು ಸಾಮಾನ್ಯವಾಗಿ ಇಡೀ ಸೆಮಿಸ್ಟರಿಗೆ, ಇಲ್ಲವೆ ಇಡೀ ವರ್ಷಕ್ಕೆ ಸೇರಿಸಿ ಪ್ರವೇಶದ ಹೊತ್ತಿಗೇ ಕಟ್ಟಬೇಕಾಗಿದೆ.